ಎಂಬತ್ತು ಫಾಂಟುಗಳಲ್ಲಿ ನಮ್ಮತ್ತೆ

ತಿಪಟೂರಿನ ಬಸ್‌ಸ್ಟಾಂಡಿನ ಹಿಂದಿನ ಓಣಿಯಲ್ಲಿರುವ ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಯಿತು. ತುರುವೇಕೆರೆ ಕಡೆಯ ಹಳ್ಳಿ ನನ್ನ ತವರು, ಹೊನ್ನವಳ್ಳಿ ಗಂಡನ ಮನೆ. ದಿನಾ ಬೆಳಿಗ್ಗೆ ಹೊನ್ನವಳ್ಳಿಯಲ್ಲಿ ಬಸ್ಸು ಹತ್ತಿ ಬರುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಅಂಗಡಿ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು.

ಅಂಗಡಿಯ ಯಜಮಾನರನ್ನು ಊರಿನವರೆಲ್ಲ ಸಾಹೇಬರು ಅನ್ನುತ್ತಾರೆ. ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದವರು. ಅವರ ಎಡಗೈ ಬೆರಳ ತುದಿಗಳು ಇವತ್ತಿಗೂ ಸ್ವಲ್ಪ ಚಪ್ಪಟೆ.

"ಆವಾಗ ನಮ್ಮ ಹತ್ರ ಇದ್ದಿದ್ದು ಎರಡೇ ಅಕ್ಷರ ಕಣಮ್ಮ," ಅನ್ನುತ್ತಿದ್ದರು. "ದಪ್ಪ ಬೇಕಾ, ಸಣ್ಣ ಬೇಕಾ ಅಂತ ಕೇಳ್ತಿದ್ದೆ. ಅವ್ರು ದಪ್ಪ ಅನ್ನೋರು. ಮುಗೀತು."

ನನ್ನ ಕಂಪ್ಯೂಟರಿನಲ್ಲಿ ಮುನ್ನೂರು ಫಾಂಟುಗಳಿದ್ದವು. ಯಾರು ಯಾರೋ ಪೆನ್‌ಡ್ರೈವಿನಲ್ಲಿ ತಂದು ತುಂಬಿದ್ದವು. ಪಟ್ಟಿ ತೆರೆದರೆ ಫಾಂಟಿನ ಹೆಸರು ಅದೇ ಫಾಂಟಿನಲ್ಲಿ ಕಾಣಬೇಕು, ಅದು ಕಂಪ್ಯೂಟರಿನ ರೂಢಿ. ಹೆಸರು ಇಂಗ್ಲಿಷಿನದು, ಫಾಂಟು ಹಳೇ ಕಾಲದ ಕನ್ನಡದ್ದು. ಎರಡೂ ಸೇರಿ ಒಂದು ತಲೆಕಟ್ಟು, ಅರ್ಧ ಕೊಂಬು, ಯಾರಿಗೂ ಸೇರದ ಒಂದು ಒತ್ತು, ಹೀಗೆ ಒಡೆದ ಬಳೆಯ ಚೂರಿನ ಹಾಗೆ ಕಾಣುತ್ತಿತ್ತು. ಯಾವ ಫಾಂಟು ಹೇಗಿದೆ ಅಂತ ತಿಳಿಯಬೇಕಾದರೆ ಒಂದೊಂದನ್ನೇ ಹಾಕಿ ತೋರಿಸಬೇಕು. ಬೇರೆ ದಾರಿಯಿರಲಿಲ್ಲ.

ಹಂದನಕೆರೆ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ಮಗಳ ಲಗ್ನಪತ್ರಿಕೆಗೆ ಅಂತ ಬಂದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, "ತೋರ್ಸಮ್ಮ" ಅಂದರು. ತೋರಿಸಿದೆ. "ಇನ್ನೊಂದು" ಅಂದರು. ಇನ್ನೊಂದು ತೋರಿಸಿದೆ. ಇದರ ದೀರ್ಘ ಸರಿಯಿಲ್ಲ, ಅದರ ಸೊನ್ನೆ ಕಡಲೆಕಾಳಿನ ಥರ ಇದೆ, ಮತ್ತೊಂದರ ಒತ್ತು ಕೆಳಗಿನ ಸಾಲಿಗೆ ಒದೀತದೆ. ಮಧ್ಯಾಹ್ನ ಊಟಕ್ಕೆ ಎದ್ದು ಹೋದರು. ಅಬ್ಬ ಅಂದುಕೊಂಡೆ. ಬಾಳೆಹಣ್ಣು ತಿನ್ನುತ್ತಾ ವಾಪಸ್ಸು ಬಂದರು. ಸಾಯಂಕಾಲ ಬಸ್ಸಿನ ಹೊತ್ತಾದಾಗ ಮೇಲೆದ್ದು, ಬಹಳ ಸಮಾಧಾನದಿಂದ, "ಮೊದಲನೇದೇ ಚೆನ್ನಾಗಿತ್ತು ಕಣಮ್ಮ, ಅದನ್ನೇ ಹಾಕು" ಅಂದರು.

ಮೊದಲನೆಯದು ಯಾವುದು ಅಂತ ನನಗೆ ಸುತರಾಂ ನೆನಪಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿ ಕೊಟ್ಟೆ. "ಹಾಂ, ಇದೇ ನೋಡು!" ಅಂತ ಖುಷಿಯಾಗಿ ಹೋದರು.

ಆ ದಿನ ಸಾಹೇಬರು ಒಳಗಿಂದ ಎದ್ದು ಬಂದರು. "ನಮ್ಮಣ್ಣನ ಟೈಲರ್ ಅಂಗಡೀಲಿ ಬಟ್ಟೆ ಚೂರು ಅಂಟಿಸಿರೋ ಪುಸ್ತಕ ಇದೆ. ಗಿರಾಕಿ ಕೈಗೆ ಕೊಟ್ಟು ಅವನ ಪಾಡಿಗೆ ಅವನು ಕೆಲಸ ಮಾಡ್ಕೋತಾನೆ. ನೀನೂ ಹಂಗೊಂದು ಮಾಡಮ್ಮ, ಅಕ್ಷರದ್ದು."

ಮಾತು ಸರಿಯೆನಿಸಿತು. ಮೊದಲು ಅ ಆ ಇ ಈ ಹಾಕಿ ನಾಲ್ಕು ಪುಟ ಮಾಡಿದೆ. ಉಪಯೋಗವಾಗಲಿಲ್ಲ. ವರ್ಣಮಾಲೆಯಲ್ಲಿ ಎಲ್ಲ ಫಾಂಟೂ ಸಭ್ಯವಾಗಿಯೇ ಕಾಣುತ್ತವೆ. ಕನ್ನಡದ ಫಾಂಟಿನ ನಿಜಬಣ್ಣ ಬಯಲಾಗುವುದು ಒತ್ತಕ್ಷರದಲ್ಲಿ. ಶ್ರೀ ಬರೆಸಿ ನೋಡಬೇಕು, ಜ್ಞ ಬರೆಸಿ ನೋಡಬೇಕು, ಅರ್ಕಾವೊತ್ತು ಎಲ್ಲಿ ಕೂರುತ್ತದೆ, ಕೃ ಅಂದರೆ ಬಾಲ ಎತ್ತ ತಿರುಗುತ್ತದೆ ಅಂತ ನೋಡಬೇಕು. ಇವೆಲ್ಲ ಇರುವ ಒಂದೇ ಒಂದು ಸಾಲು ಬೇಕಿತ್ತು. ಗಿರಾಕಿ ಅದನ್ನು ಆಕಳಿಸದೆ ಓದಬೇಕು, ಅದೂ ಮುಖ್ಯ.

ಅದೇ ವಾರ ನಮ್ಮ ಮನೆಯಲ್ಲೊಂದು ಪ್ರಕರಣ ನಡೆದಿತ್ತು. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಮುಟ್ಟಬಾರದು ಅಂದಮೇಲೆ ನಾವು ಬೆಲ್ಲದ ಡಬ್ಬವನ್ನು ಅಟ್ಟದ ಮೇಲೆ, ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ಕಾಯಿರಾಶಿಯ ಹಿಂದೆ ಬಚ್ಚಿಟ್ಟಿದ್ದೆವು. ಮಂಡಿನೋವು ಅಂತ ಜಗಲಿಯ ಮೆಟ್ಟಿಲು ಹತ್ತಲೂ ನನ್ನ ಹೆಗಲು ಹಿಡಿಯುವ ಅತ್ತೆ, ಅದು ಹೇಗೋ ಏಣಿ ಹತ್ತಿ ಬೆಲ್ಲ ಕಂಡುಹಿಡಿದಿದ್ದರು. ಬೆಳಿಗ್ಗೆ ನಾನು ಹಾಲು ಕಾಯಿಸಲು ಎದ್ದಾಗ ದೇವರ ಮುಂದೆ ಕಣ್ಣುಮುಚ್ಚಿ ಕೂತಿದ್ದರು. ಗಲ್ಲದ ಮೇಲೆ ಬೆಲ್ಲದ ಪುಡಿ.

"ಅತ್ತೆ, ಬೆಲ್ಲ ತಿಂದ್ರಾ?"

"ನಾನ್ಯಾಕೆ ತಿನ್ನಲಿ? ಆ ಕೃಷ್ಣನ ಕೆಲಸ ಇರ್ಬೇಕು ಬುಡು," ಅಂದರು, ಕಣ್ಣು ತೆರೆಯದೆ.

ಅಂಗಡಿಯಲ್ಲಿ ಕೂತು ಸಾಲಿಗಾಗಿ ತಡಕಾಡುತ್ತಿದ್ದಾಗ ಇದು ನೆನಪಾಯಿತು. ಬೆರಳುಗಳು ತಾವಾಗಿಯೇ ಟೈಪು ಮಾಡಿದವು:

ಸೂರ್ಯ ಹುಟ್ಟುವ ಮುನ್ನ ಶ್ರೀಮತಿ ಅತ್ತೆಯವರು ಅಟ್ಟ ಹತ್ತಿ, ಕೊಬ್ಬರಿ ಬೆಲ್ಲ ಕದ್ದು ತಿಂದು, ಜ್ಞಾನಿಯಂತೆ ಕೂತು, "ಇದು ಕೃಷ್ಣನ ಕೆಲಸ" ಎಂದರು.

ಓದಿ ನೋಡಿದೆ. ಶ್ರೀ ಇದೆ, ಜ್ಞ ಇದೆ, ಅರ್ಕಾವೊತ್ತಿದೆ, ಕೃ ಇದೆ, ಷ್ಣ ಇದೆ, ಟ್ಟ ತ್ತ ಬ್ಬ ಲ್ಲ ದ್ದ ಎಲ್ಲ ಇವೆ. ವಾರಗಟ್ಟಲೆ ಹುಡುಕಿದರೂ ಇಂಥ ಸಾಲು ಸಿಗುತ್ತಿರಲಿಲ್ಲ. ಒಂದು ಕಡೆ ನನಗೆ ನಾಚಿಕೆಯಾಯಿತು, ಇನ್ನೊಂದು ಕಡೆ ಕುಣಿಯುವಂತಾಯಿತು. ಅತ್ತೆ ಹೊನ್ನವಳ್ಳಿ ಬಿಟ್ಟು ಎಲ್ಲಿಗೂ ಬರುವವರಲ್ಲ ಅಂತ ಧೈರ್ಯ. ಮುನ್ನೂರರಲ್ಲಿ ಎಂಬತ್ತು ಫಾಂಟು ಆರಿಸಿ, ಪುಟಕ್ಕೊಂದರಂತೆ ಅದೇ ಸಾಲು ಹಾಕಿ, ಕೆಳಗೆ ನಂಬರು ಕೊಟ್ಟು, ಸ್ಪೈರಲ್ ಬೈಂಡು ಮಾಡಿಸಿದೆ.

ಪುಸ್ತಕ ಊರಿನಲ್ಲಿ ಹೆಸರು ಮಾಡಿತು. ಗಿರಾಕಿಗಳು ಬೆಂಚಿನ ಮೇಲೆ ಕೂತು, ಪುಟ ತಿರುವಿ, ನಗುತ್ತಾ ನಂಬರು ಹೇಳುತ್ತಿದ್ದರು. ನಾನು ನನ್ನ ಪಾಡಿಗೆ ಬೇರೆ ಕೆಲಸ ಮಾಡಬಹುದಿತ್ತು. ಒಂದೇ ತೊಂದರೆಯೆಂದರೆ ಕೆಲವರು ಕಾರ್ಡಿನ ವಿಷಯ ಮರೆತು, "ಆಮೇಲೆ ಏನಾಯ್ತು? ಸಿಕ್ಕಿಬಿದ್ದರಾ?" ಅಂತ ಕೇಳುತ್ತಿದ್ದರು. ನಾನೂ ಸುಮ್ಮನಿರದೆ ಒಂದಿಷ್ಟು ಸೇರಿಸಿ ಹೇಳುತ್ತಿದ್ದೆ. ಹೀಗೆ ಕೇಳಿಸಿಕೊಂಡವರಲ್ಲಿ ಹೊನ್ನವಳ್ಳಿಯ ಹೆಂಗಸೊಬ್ಬರಿದ್ದರು ಅನ್ನುವುದು ನನಗೆ ಗೊತ್ತಾಗಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ತಲೆಯೆತ್ತಿ ನೋಡುತ್ತೇನೆ, ಅಂಗಡಿಯ ಬಾಗಿಲಲ್ಲಿ ನಮ್ಮತ್ತೆ! ಮದುವೆಮನೆಗೆ ಉಡುವ ಸೀರೆ, ಕೈಯಲ್ಲಿ ವೈರ್ ಬ್ಯಾಗು.

"ಅತ್ತೆ, ನೀವಾ? ಒಬ್ರೇ ಬಂದ್ರಾ?"

"ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವೇನೇ," ಅಂದರು. ಬೆಂಚಿನ ಮೇಲೆ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡರು. "ಅದೇನೋ ಅಕ್ಷರದ ಪುಸ್ತಕ ಮಾಡಿದ್ದೀಯಂತೆ. ಕೊಡು, ನೋಡಾನ."

ಪುಸ್ತಕ ಎದುರಿಗೇ ಇತ್ತು. ಬಚ್ಚಿಡಲು ಆಗಲಿಲ್ಲ. ಸಾಹೇಬರು ಪರಿಸ್ಥಿತಿ ಅರಿತು ಎದ್ದುನಿಂತು, "ಬನ್ನಿ ಅಮ್ಮ, ಟೀ ತರಿಸ್ತೀನಿ, ಸಕ್ಕರೆ ಇಲ್ದಂಗೆ" ಅಂದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಸಕ್ಕರೆ ವಿಷಯ ಇವರಿಗೆ ಹೇಗೆ ಗೊತ್ತು ಅಂತ ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು.

ಕನ್ನಡಕ ಹಾಕಿಕೊಂಡು ಮೊದಲನೇ ಪುಟ ಓದಿದರು. ಮುಖದಲ್ಲಿ ಕೋಪವೂ ಇಲ್ಲ, ನಗುವೂ ಇಲ್ಲ. ಎರಡನೇ ಪುಟ. ಮೂರನೇದು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು ಏನೋ ಟೈಪು ಮಾಡುವವಳಂತೆ ನಟಿಸುತ್ತಿದ್ದೆ. ಅತ್ತೆ ಅವಸರ ಮಾಡದೆ ಎಂಬತ್ತು ಪುಟವನ್ನೂ ಓದಿದರು. ಅದೇ ಸಾಲು, ಎಂಬತ್ತು ಸಲ. ಟೀ ಆರಿಹೋಯಿತು.

ಕೊನೆಗೆ ಪುಸ್ತಕ ಮುಚ್ಚಿ ಅಂದರು: "ಎಂಬತ್ತು ಸಲ ಕದ್ದೆ ಅಂತ ಬರ್ದಿದ್ದೀಯ. ನಾನು ಹತ್ತಿದ್ದು ನಾಕೇ ಸಲ ಕಣೇ."

ಸಾಹೇಬರು ನಗು ತಡೆಯಲಾರದೆ ಒಳಗೆ ಓಡಿದರು. ನಾನು, "ತಪ್ಪಾಯ್ತು ಅತ್ತೆ" ಅಂದೆ. ಊರವರ ಮುಂದೆ ಅವರನ್ನು ನಗೆಪಾಟಲು ಮಾಡಿದ್ದೆ. ಬೈದಿದ್ದರೆ ಸಲೀಸಾಗುತ್ತಿತ್ತು.

ಅತ್ತೆ ಬೈಯಲಿಲ್ಲ. ಪುಸ್ತಕವನ್ನು ಮತ್ತೆ ತೆರೆದರು. "ಇಲ್ಲಿ ನೋಡು. ಈ ಅಕ್ಷರದಲ್ಲಿ ನಾನು ಪಕ್ಕಾ ಕಳ್ಳಿ. ಎಷ್ಟು ದಪ್ಪಗೆ, ಪೊಲೀಸರಿಗೆ ಕಂಪ್ಲೇಂಟು ಕೊಟ್ಟಂಗಿದೆ. ಇದರಲ್ಲಿ ನೋಡು, ಪಾಪ, ಮುದುಕಿ ಆಸೆಪಟ್ಟು ಒಂದು ಚೂರು ತಿಂದವ್ಳೆ ಅನ್ನಿಸ್ತದೆ. ಇದೊಂದು ಬಳುಕಾಡ್ತದೆ, ಇದರಲ್ಲಿ ನಾನು ಕದ್ದು ಕುಣಿದಂಗಿದೆ."

ನಾನು ಬಗ್ಗಿ ನೋಡಿದೆ. ಹತ್ತು ವರ್ಷ ಈ ಕೆಲಸ ಮಾಡಿ ನನಗೆ ಕಾಣದ್ದು ಅವರು ಹೇಳಿದ ಮೇಲೆ ಕಂಡಿತು. ಒತ್ತು, ಸೊನ್ನೆ ಅಂತ ನಾನು ಚೂರು ಚೂರು ನೋಡುತ್ತಿದ್ದೆ. ಅವರು ಅಕ್ಷರದ ದನಿ ಕೇಳುತ್ತಿದ್ದರು.

"ಮತ್ತೆ ಇಷ್ಟೊಂದು ಯಾಕೆ ಇಟ್ಟಿದ್ದೀಯ?" ಅಂದರು. "ಕೊಬ್ಬರಿ ಆರಿಸೋವಾಗ ಎಲ್ಲಾನೂ ನೋಡ್ಕೊಂಡು ಕೂತಿರ್ತೀವಾ? ಮೊದ್ಲು ಕೌಟು ವಾಸನೆ ಬಂದಿದ್ದು ಎತ್ತಿ ಆಚೆಗೆ ಹಾಕು. ಆಮೇಲೆ ಒಡಕು ಬೇರೆ ಮಾಡು. ಉಳಿದ ಇಡೀ ಉಂಡೆ ಮಾತ್ರ ಕೊಬ್ಬರಿ ಕೊಳ್ಳೋ ಸೇಟು ಮುಂದೆ ಇಡು. ರಾಶೀನೆಲ್ಲ ತೋರ್ಸಿದ್ರೆ ಅವ್ನಿಗೂ ತಲೆಕೆಡ್ತದೆ, ನಿಂಗೂ ಕೆಡ್ತದೆ."

ಅಂದವರೇ ಕೆಲಸಕ್ಕೆ ಇಳಿದರು. ಸ್ಪೈರಲ್ ಬಿಚ್ಚಿಸಿದರು. ಪುಟಗಳನ್ನು ಬೆಂಚಿನ ಮೇಲೆ ಹರಡಿ, ಎರಡೆರಡನ್ನು ಕೈಯಲ್ಲಿ ಹಿಡಿದು ಹೋಲಿಸಿ, ಸೋತದ್ದನ್ನು ನೆಲಕ್ಕೆ ಹಾಕಿದರು. ಗೆದ್ದದ್ದರ ಜೊತೆ ಮತ್ತೊಂದು. ಉಳಿದವನ್ನು ಮೂರು ಗುಡ್ಡೆ ಮಾಡಿದರು: ಮದುವೆಗೆ, ತಿಥಿಗೆ, ಬೋರ್ಡಿಗೆ. ಒಂದು ಪುಟವನ್ನು ನಾನು ತಿಥಿ ಗುಡ್ಡೆಗೆ ಹಾಕಹೋದೆ. ಕೈಯಿಂದ ಕಿತ್ತುಕೊಂಡರು. "ಈ ಅಕ್ಷರದಲ್ಲಿ ತಿಥಿ ಕಾರ್ಡು ಮಾಡಿದ್ರೆ ಸತ್ತೋರೇ ಎದ್ದು ಬಂದು ಕುಣೀತಾರೆ. ಮದ್ವೆಗೆ ಇಡು."

ಗುಡ್ಡೆಗೆ ಮೂರರಂತೆ ಒಂಬತ್ತು ಉಳಿದವು. ಎಪ್ಪತ್ತೊಂದು ಫಾಂಟು ನೆಲದ ಮೇಲೆ.

"ಈಗ ಆ ಬೆಲ್ಲದ ಸಾಲು ತೆಗಿ," ಅಂದರು.

"ತೆಗೀತೀನಿ ಅತ್ತೆ. ಆದ್ರೆ ಬೇರೆ ಸಾಲು ಬೇಕಲ್ಲ?"

"ಬರ್ಕೋ." ಕಾಲು ಮಡಚಿ, ಬೆಂಚಿನ ಮೇಲೆ ಸರಿಯಾಗಿ ಕೂತರು. "ಸೂರ್ಯ ನೆತ್ತಿಗೆ ಬಂದರೂ ಶ್ರೀಮತಿ ಸೊಸೆಯವರು ಹಾಸಿಗೆ ಬಿಟ್ಟೇಳರು."

ಟೈಪು ಮಾಡಿದೆ. ಕೆಲಸದ ಹುಳು ನನ್ನೊಳಗೆ ಎದ್ದಿತು. "ಕೃ ಬರಲಿಲ್ಲ ಅತ್ತೆ. ಜ್ಞ ಕೂಡ ಬೇಕು."

ಅವರು ತಲೆಯೆತ್ತಿ ಚಾವಣಿ ನೋಡಿದರು. ಆಮೇಲೆ ಸಾವಕಾಶವಾಗಿ, ರುಚಿ ನೋಡುತ್ತಾ ಹೇಳಿದರು: "ಅತ್ತೆ ಕೊಟ್ಟ ಉಪ್ಪಿಟ್ಟು ತಿಂದು, ಕೃತಜ್ಞತೆ ಇಲ್ಲದೆ ಬಸ್ಸು ಹತ್ತುವರು."

ಒಂದೇ ಪದದಲ್ಲಿ ಕೃನೂ ಬಂತು, ಜ್ಞನೂ ಬಂತು. ಒಳಗಿಂದ ಸಾಹೇಬರು "ಶಹಬ್ಬಾಸ್!" ಅಂತ ಕೂಗಿದರು. ನನಗೆ ಅವಮಾನವಾಗಬೇಕಿತ್ತು, ಆದರೆ ಸಾಲು ಎಷ್ಟು ಚೆನ್ನಾಗಿತ್ತೆಂದರೆ ನಗುವೇ ಬಂತು.

ಸಂಜೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೊನ್ನವಳ್ಳಿಗೆ ಹೊರಟೆವು. ಅತ್ತೆ ಕಿಟಕಿ ಪಕ್ಕ. ದಾರಿಯುದ್ದಕ್ಕೂ ಬೋರ್ಡು ಓದಿದರು. ಗೊಬ್ಬರದ ಅಂಗಡಿಯದಕ್ಕೆ ಅಕ್ಷರ ಬಡಕಲಾಯಿತು, ಬೇಕರಿಯದು ತಿನ್ನೋ ಹಂಗಿದೆ. ಒಂದು ಬೋರ್‌ವೆಲ್ ಬೋರ್ಡು ಕಂಡಾಗ ಜೋರಾಗಿ, "ಅಕ್ಷರ ನೋಡೇ, ನೀರು ಬರಲ್ಲ ಅಂತ ಅವೇ ಹೇಳ್ತಾವೆ!" ಅಂದರು. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿದ. ಬೋರ್‌ವೆಲ್ ಅವನದೇ ಇರಬಹುದು ಅಂತ ನಾನು ಬೇರೆ ಕಡೆ ಮುಖ ಮಾಡಿದೆ.

ಅವತ್ತಿನಿಂದ ನಮ್ಮಲ್ಲಿ ಅತ್ತೆ ಹೇಳಿದ ಸಾಲಿನ ಒಂಬತ್ತು ಪುಟದ ಪುಸ್ತಕ. ಗಿರಾಕಿ ಕೂತೊಡನೆ ಯಾವ ಕಾರ್ಯ ಅಂತ ಕೇಳಿ ಮೂರೇ ಪುಟ ಕೈಗೆ ಕೊಡುತ್ತೇನೆ. ಉಳಿದ ಫಾಂಟುಗಳು ಕಂಪ್ಯೂಟರಿನಲ್ಲಿವೆ ಅನ್ನುವ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮೊನ್ನೆ ಚಿಕ್ಕನಾಯಕನಹಳ್ಳಿಯಿಂದ ಒಬ್ಬರು ಗ್ಯಾರೇಜಿನ ಬೋರ್ಡಿಗೆ ಬಂದಿದ್ದರು. ಎರಡು ನಿಮಿಷದಲ್ಲಿ ಎರಡನೇ ಪುಟ ಆರಿಸಿದರು. ಹೋಗುವ ಮುಂಚೆ ಸಾಲನ್ನು ಇನ್ನೊಮ್ಮೆ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಸೊಸೆ... ನೀವೇನಾ?" ಅಂದರು.

"ಅಯ್ಯೋ, ನಾನಲ್ಲ ಕಣ್ರೀ," ಅಂದೆ. "ನಮ್ಮ ಸಾಹೇಬರ ಸೊಸೆ."

ಸಾಹೇಬರಿಗೆ ಇರುವವರು ಮೂವರೂ ಹೆಣ್ಣುಮಕ್ಕಳು. ಒಳಗಿನಿಂದ ಅವರ ಕೆಮ್ಮು ಕೇಳಿಸಿತು.