ಅಲ್ಬೇನಿಯಾಕ್ಕೆ ಹೋಗುವವರಿಗೆ

ಒಣಗಿದ ಕಡ್ಡಿಗಳ ಒಂದು ಕಟ್ಟು ಈಗ ನಮ್ಮ ಅಡುಗೆಮನೆಯ ಮೇಜಿನ ಮೇಲಿದೆ. ಬಿಸಿಲಿಗೆ ಬಿದ್ದ ಹುಲ್ಲಿನ ವಾಸನೆ, ಅದರೊಳಗೆ ಎಲ್ಲೋ ಓಮದ ಘಾಟು. ಎದುರುಮನೆಯ ಪದ್ಮಕ್ಕ ಅದನ್ನು ತಂದಿಟ್ಟು, 'ಅಕ್ಕಿ ಡಬ್ಬದ ಹಿಂದೆ ಸಿಕ್ತು ಕಣೋ. ಏನ್ ಮಾಡ್ಬೇಕು ಅಂತ ನಿಂಗೆ ಗೊತ್ತಿರುತ್ತೆ' ಎಂದರು. ಗೊತ್ತಿತ್ತು. ಅದು ಅಲ್ಬೇನಿಯಾದ ಬೆಟ್ಟದ ಚಹಾ. ಪುಡಿ ಮಾಡಬಾರದು, ಕಡ್ಡಿ ಸಮೇತ ಕುದಿಸಬೇಕು. ಹಾಗೆಂದು ನಾನು ಆ ದೇಶವನ್ನು ಕಂಡವನಲ್ಲ. ಹೇಳಿಕೊಟ್ಟವರು ಪದ್ಮಕ್ಕನ ಗಂಡ, ನಮ್ಮ ಡಾಕ್ಟ್ರು.

ಕೇಳದೆ ಸಲಹೆ ಕೊಡುವವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಐರ್ಲೆಂಡಿನ ಈ ಆಡಮ್ಸ್‌ಟೌನಿನ ನಮ್ಮ ಬೀದಿಗೆ ಡಾಕ್ಟ್ರಿದ್ದರು. ಮೈಸೂರಿನಲ್ಲಿ ಓದಿ ಇಲ್ಲಿನ ಆಸ್ಪತ್ರೆಯಲ್ಲಿ ತಲೆ ನರೆಸಿಕೊಂಡವರು. ಜೊತೆಯ ಡಾಕ್ಟರುಗಳೊಂದಿಗೆ ಒಂದೇ ಒಂದು ಸಲ ಅಲ್ಬೇನಿಯಾಕ್ಕೆ ಹೋಗಿ ಬಂದಿದ್ದರು, ಅಷ್ಟಕ್ಕೇ ಆ ದೇಶದ ಅಳಿಯನ ಹಾಗೆ ಮಾತಾಡುತ್ತಿದ್ದರು. ಪದ್ಮಕ್ಕ ಹೋಗಿರಲಿಲ್ಲ. ಅಲ್ಲಿ ನಮಗೆ ತಿನ್ನಲು ಏನು ಸಿಗುತ್ತದೆ ಎಂಬುದು ಅವರ ವಾದ. ಗಂಡ ಆ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದರು. ಹೀಗಾಗಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಕೋವಿಡ್‌ನ ಮೊದಲ ವರ್ಷ ಮನೆಯಿಂದ ದೂರ ಹೋಗುವಂತಿರಲಿಲ್ಲ. ಸ್ಯಾಂಡಿಫರ್ಡಿನ ನನ್ನ ಆಫೀಸು ಇಸ್ತ್ರಿ ಮಾಡುವ ಟೇಬಲ್ಲಿನ ಮೇಲೆ ಬಂದು ಕೂತಿತ್ತು. ಡಾಕ್ಟ್ರು ಡ್ಯೂಟಿ ಮುಗಿಸಿ ಬಂದ ಸಂಜೆಗಳಲ್ಲಿ ರಸ್ತೆಯ ಆ ಬದಿ ಅವರು, ಈ ಬದಿ ನಾನು ನಡೆಯುತ್ತಿದ್ದೆವು. ಮಾಸ್ಕಿನೊಳಗಿಂದ ಅವರು ಅಲ್ಬೇನಿಯಾವನ್ನು ಕೂಗಿ ಕೂಗಿ ಹೇಳುತ್ತಿದ್ದರು. ಅಲ್ಲಿನ ವ್ಯಾನುಗಳು ನಮ್ಮ ಮ್ಯಾಕ್ಸಿಕ್ಯಾಬಿನ ಹಾಗೆ, ಜನ ತುಂಬಿದ ಮೇಲೆಯೇ ಹೊರಡುವುದು. ಪಾಲಕ್ ತುಂಬಿದ ಬೈರೆಕ್ ಎಂಬ ಪದರಪದರದ ತಿಂಡಿ ಸಿಗುತ್ತದೆ, ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ. ಮನೆಗೆ ಕರೆದರೆ ಬಾಗಿಲಲ್ಲೇ ಶೂ ಬಿಚ್ಚಬೇಕು, ಆದ್ದರಿಂದ ತೂತಿಲ್ಲದ ಕಾಲುಚೀಲ ಮುಖ್ಯ. ಅವರದರಲ್ಲಿ ತೂತಿತ್ತಂತೆ. ಸಂಜೆ ಊರಿಗೆ ಊರೇ ರಸ್ತೆಗಿಳಿದು ಸುಮ್ಮನೆ ಅಡ್ಡಾಡುತ್ತದೆ, ಆಗ ರೂಮಿನಲ್ಲಿ ಕೂರಬಾರದು. ಭಾಷೆ ಬಾರದಿದ್ದರೆ ನಮಸ್ಕಾರಕ್ಕೂ ಥ್ಯಾಂಕ್ಸಿಗೂ ಬಲಗೈ ಎದೆಯ ಮೇಲಿಟ್ಟು ತಲೆ ಬಾಗಿಸಿದರೆ ಸಾಕು. 'ಇದೆಲ್ಲ ಮುಗೀಲಿ, ನಿಮ್ಮಕ್ಕನ್ನ ಕರ್ಕೊಂಡು ಹೋಗ್ತೀನಿ. ಗ್ರ್ಯಾಂಡ್ ಆಗಿರುತ್ತೆ' ಎನ್ನುವುದು ಪ್ರತಿ ಸಂಜೆಯ ಕೊನೆಯ ಮಾತು. ಜನರಿಲ್ಲದ ಆ ರಸ್ತೆಯಲ್ಲಿ ಅದನ್ನು ಕೇಳಿ ನಾನು ಹೂಂಗುಟ್ಟುತ್ತಿದ್ದೆ.

ಚಳಿಗಾಲದಲ್ಲಿ ಡಾಕ್ಟ್ರಿಗೇ ಕೋವಿಡ್ ಬಂತು. ಆಸ್ಪತ್ರೆಗೆ ರೋಗಿಯಾಗಿ ಹೋದವರು ತಿರುಗಿ ಬರಲಿಲ್ಲ. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನಕ್ಕಷ್ಟೇ ಅವಕಾಶ. ಉಳಿದವರು, ಆಗ ಇಲ್ಲೆಲ್ಲ ಮಾಡುತ್ತಿದ್ದ ಹಾಗೆ, ನಮ್ಮ ನಮ್ಮ ಗೇಟಿನ ಬಳಿ ನಿಂತೆವು. ಅವರನ್ನು ಹೊತ್ತ ಕಾರು ಬೀದಿಯಲ್ಲಿ ನಿಧಾನವಾಗಿ ಹಾದುಹೋಯಿತು. ಪಕ್ಕದ ಮನೆಯ ಐರಿಷ್ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕೈ ಮುಗಿಯಬೇಕಿತ್ತು. ಅದರ ಬದಲು ಬಲಗೈ ಎದೆಯ ಮೇಲೆ ಹೋಯಿತು. ಹಿಂದಿನ ಕಾರಿನಲ್ಲಿ ಕೂತಿದ್ದ ಪದ್ಮಕ್ಕ ನನ್ನನ್ನೇ ನೋಡುತ್ತ ಹೋದರು.

ಇಷ್ಟು ವರ್ಷದ ಮೇಲೆ ಈಗ ಅವರು ನನ್ನೆದುರು ಕೂತಿದ್ದಾರೆ. ಮುಂದಿನ ತಿಂಗಳು ಅಲ್ಬೇನಿಯಾಕ್ಕೆ ಟಿಕೆಟ್ ಮಾಡಿಸಿದ್ದಾರಂತೆ, ಒಬ್ಬರಿಗೇ. 'ಅವ್ರು ಹೇಳೋವಾಗ ನಾನು ಒಂದಿನಾನೂ ಕೂತು ಕೇಳ್ಲಿಲ್ಲ. ನೀನು ಹೇಳು, ಕೇಳ್ತೀನಿ' ಎಂದರು.

ಚಹಾ ಕುದಿಯಲಿಟ್ಟು ಒಂದನ್ನೂ ಬಿಡದೆ ಹೇಳಿದೆ, ಕಂಡವನ ಹಾಗೆ. ಕಾಲುಚೀಲದ ತೂತಿಗೆ ಅವರು ನಕ್ಕರು. ಕೊನೆಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ತೋರಿಸಿದೆ. ಪದ್ಮಕ್ಕ ನನ್ನ ಕೈಯನ್ನೇ ನೋಡಿದರು.

'ಅವತ್ತು ಗೇಟ್ ಹತ್ರ ನೀನು ಹಿಂಗೇ ನಿಂತಿದ್ದೆ. ನಿಂಗೂ ಏನೋ ಆಗ್ತಾ ಇದೆ, ಎದೆನೋವು ಬಂದಿದೆ ಅಂದ್ಕೊಂಡೆ ಕಣೋ. ದಾರಿ ಪೂರ್ತಿ ನಂಗೆ ಅದೇ ಯೋಚನೆ.'

ನನಗೆ ದುಃಖ ಉಕ್ಕಿ ಬಂತು, ತಡೆಯಲಾಗಲಿಲ್ಲ. ಹೇಗೋ ಚಹಾ ಸೋಸಿ ಅವರ ಮುಂದಿಟ್ಟೆ. ಪದ್ಮಕ್ಕ ಲೋಟ ಮುಟ್ಟಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟು, ನನ್ನತ್ತ ತಲೆ ಬಾಗಿಸಿ, 'ಸರಿಯಾಗಿದ್ಯೇನೋ?' ಎಂದು ಕೇಳಿದರು.