ಐದು ಗಂಟೆಗೆ ಬಿಜಿ ಬಂದ ಫೋನು

ನಾನು ಹತ್ತನೇ ತರಗತಿಗೆ ಕಾಲಿಟ್ಟರೆ ಫ್ಯಾನಿನ ಕಿರಕಿರ ಬಿಟ್ಟು ಬೇರೆ ಸದ್ದು ಇರುತ್ತಿರಲಿಲ್ಲ. ಅಜ್ಜಂಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಅದು ದೊಡ್ಡ ಹೆಮ್ಮೆ. ಪಕ್ಕದ ಕೋಣೆಯಲ್ಲಿ ಸಮಾಜದ ಮೇಷ್ಟ್ರು ಪಾಠ ಶುರು ಮಾಡಿದರೆ ಸಂತೆ ನೆರೆದ ಹಾಗಿರುತ್ತಿತ್ತು. ‘ಮೇಡಂ ಕ್ಲಾಸು ನೋಡ್ರೀ, ಹೇಗೆ ಹಿಡಿತದಲ್ಲಿದೆ’ ಎಂದು ಮುಖ್ಯಶಿಕ್ಷಕರು ಎಲ್ಲರೆದುರು ಹೊಗಳುತ್ತಿದ್ದರು. ಆ ಹಿಡಿತದ ಗುಟ್ಟು ಇಷ್ಟೇ: ಯಾರನ್ನೂ ನಂಬಬಾರದು. ಹೊಟ್ಟೆನೋವು ಎಂದವನನ್ನು ಬಲಕ್ಕೋ ಎಡಕ್ಕೋ ಎಂದು ಕೇಳಬೇಕು. ಅಜ್ಜಿ ತೀರಿಕೊಂಡಳು ಎಂದವನನ್ನು ಹೋದ ವರ್ಷ ತೀರಿಕೊಂಡ ಅಜ್ಜಿ ಯಾರಪ್ಪಾ ಎಂದು ವಿಚಾರಿಸಬೇಕು.

‘ಹಾಲಿಗೆ ನೀರು ಬೆರೆಸಿದಾರಾ ಅಂತ ನೀನು ಹಾಲಿನವನನ್ನ ಕೇಳೋಳಲ್ಲ, ಹಸೂನೇ ಕರೆಸಿ ವಿಚಾರಣೆ ಮಾಡ್ತೀಯ’ ಎಂದು ನಮ್ಮನೆಯವರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದವಳಿಗೆ ಅನುಮಾನ ರೋಗ ಅನ್ನಿಸುವುದಿಲ್ಲ, ಅನುಭವ ಅನ್ನಿಸುತ್ತದೆ.

ಆ ವರ್ಷ ಒಂದೇ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕೂರುತ್ತಿದ್ದರು. ಒಬ್ಬಳು ಅಂತರಘಟ್ಟೆಯ ಹತ್ತಿರದ ಹಳ್ಳಿಯವಳು. ಅವರಪ್ಪನಿಗೆ ಒಂದಷ್ಟು ಹೊಲ, ತೆಂಗಿನ ತೋಟ. ನಾನು ಲೆಕ್ಕ ಬರೆದು ಬೋರ್ಡಿನಿಂದ ತಿರುಗುವಷ್ಟರಲ್ಲಿ ಅವಳ ಉತ್ತರ ಸಿದ್ಧ. ಇನ್ನೊಬ್ಬಳು ಪೇಟೆಯವಳು, ಮಿಕ್ಸಿ ರಿಪೇರಿ ಮಾಡುವವರ ಮಗಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಅರಳು ಹುರಿದ ಹಾಗೆ ಕನ್ನಡ. ಆದರೆ ಗಣಿತದ ಪುಸ್ತಕ ತೆರೆದರೆ ಆ ಬಾಯಿಗೆ ಬೀಗ ಬೀಳುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಬ್ಬರೂ ಒಂದೇ ಲೆಕ್ಕವನ್ನು, ಒಂದೇ ಸಾಲಿನಲ್ಲಿ, ಒಂದೇ ರೀತಿ ತಪ್ಪು ಮಾಡಿದ್ದರು. ಇನ್ನೇನು ಬೇಕು ನನಗೆ!

ತೋಟದವಳನ್ನು ಮೊದಲ ಬೆಂಚಿಗೂ ಪೇಟೆಯವಳನ್ನು ಕಡೆಯ ಬೆಂಚಿಗೂ ಎತ್ತಿ ಹಾಕಿದೆ. ‘ಇನ್ನೊಂದ್ಸಲ ನೀವಿಬ್ರೂ ತಲೆಗೆ ತಲೆ ಕೊಟ್ಟು ಕೂತಿದ್ದು ಕಂಡ್ರೆ ಇಬ್ಬರ ಪೇಪರ್ರೂ ಹರಿದು ಹಾಕ್ತೀನಿ. ಊಟದ ಹೊತ್ತಲ್ಲೂ ಒಟ್ಟಿಗೆ ಕೂರಂಗಿಲ್ಲ’ ಎಂದೆ. ಆಮೇಲೆ ತಿಂಗಳೊಪ್ಪತ್ತಿನಲ್ಲಿ ಪೇಟೆಯವಳ ಕಿರುಪರೀಕ್ಷೆಯ ಅಂಕಗಳು ನಿಧಾನವಾಗಿ ಏರಿದವು. ಬೇರೆ ಮಾಡಿದ್ದರ ಫಲ ಇದು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡೆ.

ಜನವರಿ ಬಂದರೆ ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳುವ ಪದ್ಧತಿ. ತಲೆಗೆ ಹತ್ತು ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ಹತ್ತೂ ಮನೆಗೆ ಮಿಸ್ಡ್ ಕಾಲ್ ಕೊಡಬೇಕು. ಮಗು ಎದ್ದು ಓದಲು ಕೂತಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಅಲ್ಲಿಂದ ತಿರುಗಿ ಒಂದು ಮಿಸ್ಡ್ ಕಾಲ್ ಬರಬೇಕು. ತೋಟದ ಹುಡುಗಿ ನನ್ನ ಪಟ್ಟಿಯಲ್ಲಿದ್ದಳು, ಪೇಟೆಯವಳು ವಿಜ್ಞಾನದ ಮೇಷ್ಟ್ರ ಪಟ್ಟಿಯಲ್ಲಿ. ಉಳಿದ ಶಿಕ್ಷಕರು ತಿರುಗಿ ಕರೆ ಬಂದರೆ ಸಾಕು ಎಂದು ಮತ್ತೆ ಹೊದ್ದು ಮಲಗುತ್ತಿದ್ದರು. ನಾನು ಬಿಡುತ್ತೇನೆಯೇ? ಮಿಸ್ಡ್ ಕಾಲ್ ಕೊಟ್ಟು ಮಲಗುವ ಕಳ್ಳರಿರುತ್ತಾರೆಂದು ಐದೂ ಇಪ್ಪತ್ತಕ್ಕೆ ಇನ್ನೊಂದು ಸುತ್ತು ಫೋನು ಮಾಡತೊಡಗಿದೆ. ಒಂದು ಮನೆಯಲ್ಲಿ ತಾಯಿ ಎತ್ತಿ, ‘ಓದ್ತಾ ಅವ್ನೆ ಮಿಸ್’ ಎಂದಳು. ಹಿಂದಿನಿಂದ ಮಗನ ಗೊರಕೆ ನನಗೇ ಕೇಳಿಸುತ್ತಿತ್ತು.

ತೋಟದ ಹುಡುಗಿಯಿಂದ ಮಿಸ್ಡ್ ಕಾಲ್ ತಿರುಗಿ ಬಂದಿತ್ತು, ಎರಡನೆಯ ಸುತ್ತಿನಲ್ಲಿ ಅವಳ ಫೋನು ಬಿಜಿ ಬಂತು. ಮಾರನೆಯ ದಿನವೂ ಬಿಜಿ. ಮೂರನೆಯ ದಿನ ಐದೂವರೆಗೆ ಮಾಡಿದೆ, ಬಿಜಿ. ಐದೂ ಮುಕ್ಕಾಲಿಗೂ ಬಿಜಿ. ಹತ್ತನೇ ತರಗತಿಯ ಹೆಣ್ಣುಮಗುವಿನ ಫೋನು ಬೆಳಿಗ್ಗೆ ಐದರಿಂದ ಆರರವರೆಗೆ ಬಿಜಿ! ನನ್ನ ಎದೆ ಧಸಕ್ಕೆಂದಿತು. ನಿಜ ಹೇಳಬೇಕೆಂದರೆ, ಅದರ ಜೊತೆಗೇ ಒಳಗೊಳಗೆ ಒಂದು ಹುಮ್ಮಸ್ಸೂ ಬಂತು. ಸಿಕ್ಕಿಬಿದ್ದಳು ಎಂಬ ಹುಮ್ಮಸ್ಸು.

ಅಲ್ಲಿಂದ ಅವಳು ಏನು ಮಾಡಿದರೂ ನನಗೆ ಅದೇ ಕಾಣತೊಡಗಿತು. ಆಕಳಿಸಿದರೆ ರಾತ್ರಿಯೂ ಮಾತಾಡಿರಬೇಕು ಅಂದುಕೊಂಡೆ. ಕಿಟಕಿಯ ಕಡೆ ನೋಡಿ ತನ್ನಷ್ಟಕ್ಕೆ ನಕ್ಕರೆ ಹೊರಗೆ ಯಾರಿದ್ದಾರೆಂದು ನಾನೂ ಬಗ್ಗಿ ನೋಡಿದೆ. ಹೊರಗೆ ಬಿಸಿಯೂಟದ ಪಾತ್ರೆ ತೊಳೆಯುವ ಆಯಾ ಬಿಟ್ಟು ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಅವಳ ಕಡೆ ನೋಡಿದನೆಂದು ಅವನನ್ನೂ ಗುರುತು ಹಾಕಿಕೊಂಡೆ. ಬಿಜಿ ಬಂದ ವೇಳೆಗಳನ್ನೆಲ್ಲ ಪಾಠಯೋಜನೆಯ ಪುಸ್ತಕದ ಹಿಂದೆ ಬರೆದಿಟ್ಟೆ. ಒಂದು ಸಲವೂ ಅವಳನ್ನು ಹತ್ತಿರ ಕರೆದು ಯಾರ ಹತ್ರ ಮಾತಾಡ್ತೀಯೇ ಎಂದು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಎಚ್ಚರವೂ ಆಗುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಒಂದು ವಾರ ಕಾದು ಅವರಪ್ಪನನ್ನು ಶಾಲೆಗೆ ಕರೆಸಿದೆ. ಬಿಳಿ ಪಂಚೆಯ ಮೆತ್ತನೆಯ ಮನುಷ್ಯ. ಕುರ್ಚಿ ತೋರಿಸಿದರೂ ಕೂರಲಿಲ್ಲ.

‘ಯಜಮಾನ್ರೇ, ಯಾರ ಹತ್ರ ಅಂತ ನಂಗೊತ್ತಿಲ್ಲ. ಆದ್ರೆ ದಿನಾ ಬೆಳಿಗ್ಗೆ ಒಂದು ಗಂಟೆ ಫೋನು ಬಿಜಿ ಬರ್ತದೆ. ಹೆಣ್ಣುಮಗು. ನೀವೇ ಯೋಚ್ನೆ ಮಾಡಿ’ ಎಂದೆ.

‘ನಾನು ಆ ಹೊತ್ತಿಗೆ ತೋಟದ ಕಡೆ ಹೋಗಿರ್ತೀನಿ. ಓದ್ತಾಳೆ ಅಂದ್ಕೊಂಡಿದ್ದೆ’ ಎಂದರು. ‘ನೀವು ಹೇಳಿದ್ಮೇಲೆ ಮುಗೀತು ಮೇಡಂ’ ಎಂದು ಕೈಮುಗಿದು ಹೊರಟರು. ಹೊಡಿಬೇಡಿ ಎಂದು ಹಿಂದಿನಿಂದ ಹೇಳಿದೆ. ಅಷ್ಟು ಹೇಳಿದ್ದೇ ದೊಡ್ಡ ಉಪಕಾರ ಎಂದುಕೊಂಡು ಪಾಠಕ್ಕೆ ಹೋದೆ.

ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಫೋನು ಮಾಡಿದರೆ ಅಪ್ಪನೇ ಎತ್ತಿದರು. ‘ನೀವು ಹೇಳಿದ್ದು ಸರಿಯಾಗೇ ಇತ್ತು ಮೇಡಂ. ಫೋನಲ್ಲಿ ಒಂದೇ ನಂಬರು, ದಿನಾ ಅದೇ. ಅದಕ್ಕೆ ನಾನೇ ಮಾಡಿದೆ. ಗಂಡಸಿನ ದನಿ. ಕಟ್ ಮಾಡ್ಬಿಟ್ಟೆ. ಯಾರೇ ಅದು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ತಿಲ್ಲ. ಜೀವಮಾನದಲ್ಲಿ ಮೊದಲ್ನೇ ಸಲ ಕೈ ಎತ್ತಿದೆ. ಇನ್ನು ಓದಿದ್ದು ಸಾಕು. ಪಂಚನಹಳ್ಳಿಗೆ ಅವಳ ಸೋದರಮಾವನ ಮನೆಗೆ ಕಳಿಸ್ಬಿಡ್ತೀನಿ.’

‘ಪರೀಕ್ಷೆ?’ ಎಂದೆ.

‘ಎಂಥ ಪರೀಕ್ಷೆ ಮೇಡಂ’ ಎಂದರು.

ಪಬ್ಲಿಕ್ ಪರೀಕ್ಷೆಗೆ ಆರು ವಾರ ಉಳಿದಿತ್ತು. ಶಾಲೆಗೇ ಮೊದಲು ಬರಬಹುದಾಗಿದ್ದ ಹುಡುಗಿ. ಆದರೂ ಗಂಡಸಿನ ದನಿ ಎಂಬ ಮಾತು ಕೇಳಿ, ನನ್ನ ಊಹೆ ತಪ್ಪಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದರ ಮುಂದಿನ ಕಿರುಪರೀಕ್ಷೆಯಲ್ಲಿ ಪೇಟೆಯ ಹುಡುಗಿ ಸೊನ್ನೆಗೆ ಬಂದು ನಿಂತಳು. ಓಹೋ ಅಂದುಕೊಂಡೆ. ಅವಳಿಲ್ಲದೆ ಇವಳಿಗೆ ಗತಿಯಿಲ್ಲ. ಕಣ್ಣುತಪ್ಪಿಸಿ ಇಷ್ಟು ದಿನವೂ ನಕಲು ಮಾಡಿದ್ದಾಳೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಪೇಪರು ಮುಖಕ್ಕೆ ಹಿಡಿದೆ. ‘ಯಾರಿಂದ ನೋಡಿ ಬರೀತಿದ್ದೆ? ನಿಜ ಬೊಗಳು!’

ಅವಳು ಗಳಗಳ ಅತ್ತುಬಿಟ್ಟಳು. ‘ನೋಡಿ ಬರೀತಿರ್ಲಿಲ್ಲ ಮಿಸ್. ಅವಳು ಬೆಳಿಗ್ಗೆ ಫೋನಲ್ಲಿ ಹೇಳ್ಕೊಡ್ತಿದ್ಲು. ಐದರಿಂದ ಆರರ ಗಂಟ. ನೀವು ಕ್ಲಾಸಲ್ಲಿ ಮಾತಾಡ್ಬಾರ್ದು ಅಂದ್ರಲ್ಲ, ಅದಕ್ಕೆ. ಈಗ ಅವಳೂ ಇಲ್ಲ, ಫೋನು ಮಾಡಿದ್ರೆ ಎತ್ತಲ್ಲ.’

ಆಗಲೂ ನಾನು ನಂಬಲಿಲ್ಲ ನೋಡಿ! ‘ಅವಳು ಮಾತಾಡ್ತಿದ್ದಿದ್ದು ಗಂಡಸಿನ ಹತ್ರ. ಅವರಪ್ಪನೇ ಕೇಳಿದಾರೆ’ ಎಂದು ಜಬರಿಸಿದೆ.

‘ಅದು ನಮ್ಮ ಅಬ್ಬಾ ಫೋನು ಮಿಸ್. ಯಾರೋ ಸಂಜೆ ಫೋನು ಮಾಡಿ ಮಾತಾಡದೆ ಕಟ್ ಮಾಡಿದ್ರು ಅಂತ ಅಬ್ಬಾ ಹೇಳಿದ್ರು’ ಎಂದಳು. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಪ್ರತಿ ಪುಟದಲ್ಲಿ ದಿನಾಂಕ, ಅದರ ಕೆಳಗೆ ಎರಡೋ ಮೂರೋ ಲೆಕ್ಕ. ನಾನು ಬಿಜಿ ಎಂದು ಗುರುತು ಹಾಕಿಕೊಂಡ ದಿನಗಳೆಲ್ಲ ಅದರಲ್ಲಿದ್ದವು.

ಆ ಸಂಜೆ ಮನೆಗೆ ಹೋಗುವ ತರೀಕೆರೆಯ ಬಸ್ಸು ಹತ್ತದೆ ಆಟೋ ಮಾಡಿಕೊಂಡು ತೋಟದ ಮನೆಗೆ ಹೋದೆ. ಹುಡುಗಿ ಒಳಗೆಲ್ಲೋ ಇದ್ದಳು, ಹೊರಗೆ ಬರಲಿಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿದರು. ಇಪ್ಪತ್ತು ವರ್ಷ ನಾನು ಮಕ್ಕಳನ್ನು ನೋಡಿದ ನೋಟ ಅದು.

‘ಅವತ್ತು ಹಂಗಂದ್ರಿ, ಒಂದು ಮಾತು ಎದುರಾಡದೆ ನಂಬಿದೆ. ಇವತ್ತು ಹಿಂಗಂತೀರಿ. ನಿಮ್ಮ ಶಾಲೆ ರಿಜಲ್ಟು ಕಡಿಮೆ ಆಗ್ತದೆ ಅಂತ ಕಥೆ ಕಟ್ಕಂಡು ಬಂದಿಲ್ಲ ಅಂತ ನಂಗೇನು ಗ್ಯಾರಂಟಿ ಮೇಡಂ?’

ಸಿಟ್ಟು ನೆತ್ತಿಗೇರಿತು. ಹಾಗೆಯೇ ಇಳಿಯಿತು. ಆ ಮನುಷ್ಯನಿಗೆ ಅನುಮಾನಪಡುವುದನ್ನು ಕಲಿಸಿದವಳು ನಾನೇ. ‘ನೀವೇ ಪರೀಕ್ಷೆ ಮಾಡಿ. ನಾಳೆ ಬೆಳಿಗ್ಗೆ ಐದಕ್ಕೆ ಆ ನಂಬರಿಂದ ಫೋನು ಬರ್ತದೆ. ಮಗಳ ಕೈಗೆ ಕೊಟ್ಟು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತ್ಕೊಳ್ಳಿ’ ಎಂದೆ.

ಅವರು ಷರತ್ತು ಹಾಕಿದರು. ‘ಅವಳಿಗೆ ಮುಂಚೆ ಒಂದು ಮಾತೂ ಹೇಳಲ್ಲ. ಆ ಕಡೆ ಮಾತಾಡೋರು ಯಾರು ಅಂತ ನೀವು ಅವರ ಮನೇಲೇ ಕೂತು ಕಣ್ಣಾರೆ ನೋಡಿ ಹೇಳ್ಬೇಕು. ಒಪ್ಪಿಗೆನಾ?’

ಮಾರನೆಯ ಬೆಳಿಗ್ಗೆ ನಾಲ್ಕಕ್ಕೇ ನಮ್ಮನೆಯವರನ್ನು ಎಬ್ಬಿಸಿ ಬೈಕಿನಲ್ಲಿ ತರೀಕೆರೆಯಿಂದ ಹೊರಟೆ. ದಾರಿಯುದ್ದಕ್ಕೂ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ. ಮಿಕ್ಸಿ ರಿಪೇರಿಯವರಿಗೆ ರಾತ್ರಿಯೇ ಫೋನು ಮಾಡಿ ಎಲ್ಲ ಹೇಳಿದ್ದೆ, ಅವರ ಮನೆಯಲ್ಲಿ ಎಲ್ಲರೂ ಎದ್ದಿದ್ದರು. ‘ನನ್ನ ಮಗಳಿಗೆ ಹೇಳ್ಕೊಡಕ್ಕೆ ಹೋಗಿ ಆ ಮಗು ಮನೇಲಿ ಕೂತದಾ ಮೇಡಂ?’ ಎಂದು ಆ ತಂದೆ ಕೇಳಿದರು. ಅವರ ಹೆಂಡತಿ ಚಹಾ ತಂದು ಕೊಟ್ಟರು. ಸರಿಯಾಗಿ ಐದಕ್ಕೆ ಮಗಳು ನಂಬರು ಒತ್ತಿ ಫೋನನ್ನು ಚಾಪೆಯ ಮೇಲಿಟ್ಟಳು.

‘ಹಲೋ’ ಎಂದಿತು ಆ ಕಡೆಯ ದನಿ, ಸಣ್ಣಗೆ.

‘ನಾನು ಕಣೇ. ಶಂಕುವಿನ ಘನಫಲ ಬರ್ತಿಲ್ಲ.’

ಆ ಕಡೆ ಮೌನ. ಅಪ್ಪನ ಮುಖ ನೋಡುತ್ತಿದ್ದಾಳೆ ಎಂದು ಊಹಿಸಿಕೊಂಡೆ. ಇನ್ನೇನು ಫೋನು ಕಟ್ಟಾಗುತ್ತದೆ, ಎಲ್ಲ ಮುಗಿಯಿತು ಅನ್ನಿಸಿತು. ಆಮೇಲೆ ಹಿಂದಿನಿಂದ ಗಂಡಸಿನ ಕೆಮ್ಮು ಕೇಳಿಸಿತು. ‘ಹೇಳ್ಕೊಡು’ ಎಂಬ ಒಂದೇ ಮಾತು.

‘ಶಂಕು ಅಂದ್ರೆ ಹೆದರ್ಕೋಬೇಡ ಕಣೇ’ ಎಂದಳು ಹುಡುಗಿ. ಅಳು ನುಂಗಿಕೊಂಡ ದನಿ. ‘ಕಣದಲ್ಲಿ ರಾಗಿ ರಾಶಿ ಹಾಕಿರ್ತಾರಲ್ಲ, ಅದೇ. ಅಷ್ಟೇ ಅಗಲ, ಅಷ್ಟೇ ಎತ್ತರದ ಡ್ರಮ್ಮು ತಗೊ. ಅದು ತುಂಬಕ್ಕೆ ಅಂಥ ಮೂರು ರಾಶಿ ಬೇಕು. ಅದಕ್ಕೇ ಮೂರರಿಂದ ಭಾಗಿಸೋದು. ಮಿಸ್ ಹೇಳೋ ಥರ ಬಾಯಿಪಾಠ ಮಾಡ್ಬೇಡ, ಮರ್ತೋಗ್ತದೆ.’

ಪಕ್ಕದಲ್ಲಿದ್ದ ಗೆಳತಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆ ಪಾಠವನ್ನು ನಾನು ಪ್ರತಿ ವರ್ಷ ಮಾಡಿದ್ದೇನೆ, ರಾಗಿಯ ರಾಶಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಇಬ್ಬರೂ ಒಂದು ಗಂಟೆ ಲೆಕ್ಕ ಮಾಡಿದರು. ಆರು ಗಂಟೆಗೆ ಅಪ್ಪ ಫೋನು ತೆಗೆದುಕೊಂಡು, ‘ಆ ಕಡೆ ಇರೋದು ಹೆಣ್ಣುಮಗುನೇನಾ ಮೇಡಂ, ನಿಮ್ಮ ಕಣ್ಣಾರೆ?’ ಎಂದು ಕೇಳಿದರು. ಹೌದು ಎಂದೆ. ‘ಸೋಮವಾರ ಕಳಿಸ್ತೀನಿ’ ಎಂದರು.

ಸೋಮವಾರ ಬಂದಳು. ಇಬ್ಬರನ್ನೂ ಮತ್ತೆ ಒಂದೇ ಬೆಂಚಿನಲ್ಲಿ ಕೂರಿಸಿದೆ. ಇಡೀ ತರಗತಿಯ ಎದುರು, ತಪ್ಪು ನನ್ನದು ಎಂದೂ ಹೇಳಿದೆ. ಮಕ್ಕಳು ಎಂದಿನಂತೆ ಸದ್ದಿಲ್ಲದೆ ಕೇಳಿಸಿಕೊಂಡರು. ಆ ನಿಶ್ಶಬ್ದ ಮೊದಲ ಸಲ ನನಗೆ ಹಿಂಸೆಯಾಯಿತು. ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಳು, ನನ್ನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ.

ಗಣಿತ ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಅವರಪ್ಪ ಅವಳನ್ನು ಸ್ಕೂಟರಿನಿಂದ ಇಳಿಸಿದರು. ಅವಳು ಸೀದಾ ನನ್ನ ಹತ್ತಿರ ಬಂದಳು. ಆಶೀರ್ವಾದ ಕೇಳುತ್ತಾಳೇನೋ ಎಂದು ಕೈ ಎತ್ತಿದೆ.

‘ಮಿಸ್, ಅಪ್ಪಂಗೆ ಹೇಳೋಕೆ ಮುಂಚೆ ನನ್ನನ್ನ ಯಾಕೆ ಕೇಳ್ಲಿಲ್ಲ?’

‘ಕೇಳ್ಬೇಕಿತ್ತು ಕಣೇ. ತಪ್ಪಾಯ್ತು’ ಎಂದೆ.

‘ಕೇಳಿದ್ರೆ ನಂಬ್ತಿದ್ರಾ?’

ನಂಬ್ತಿದ್ದೆ ಎಂದು ಹೇಳಿ ಕಳಿಸಬಹುದಿತ್ತು. ಪರೀಕ್ಷೆ ಬರೆಯಲು ಹೊರಟ ಮಗು. ಆದರೆ ಅವಳು ಮೊದಲ ಸಲ ನೇರವಾಗಿ ನನ್ನನ್ನು ನೋಡುತ್ತಿದ್ದಳು.

‘ಇಲ್ಲ’ ಎಂದೆ.

‘ಗೊತ್ತಿತ್ತು ಮಿಸ್. ಇಬ್ರೂ ಮತ್ತೆ ಸೇರಿದೀವಿ ಅಂತ ತಿಳಿದ್ರೆ ನೀವು ಅವಳ ಪೇಪರ್ ಹರಿದು ಹಾಕ್ತಿದ್ರಿ. ಅದಕ್ಕೇ ಅಪ್ಪ ಹೊಡೆದಾಗ್ಲೂ ನಾನು ಅವಳ ಹೆಸರು ಹೇಳ್ಲಿಲ್ಲ’ ಎಂದಳು. ಗಂಟೆ ಹೊಡೆಯಿತು. ಸ್ಕೇಲು, ಪೆನ್ನು, ಹಾಲ್ ಟಿಕೆಟ್ಟು ಎಲ್ಲ ಇದೆಯಾ ಎಂದು ಒಮ್ಮೆ ನೋಡಿಕೊಂಡು, ಗೆಳತಿಯ ಕೈ ಹಿಡಿದುಕೊಂಡು ಒಳಗೆ ಹೋದಳು.