ಬದುಕಿದ್ದ ಅಪ್ಪನ ಮಗ ಪೋಸ್ತುಮುಸ್

ಓಸ್ತಿಯಾ ಬಂದರಿನ ನಮ್ಮ ಬೀದಿಯಲ್ಲಿ ಮೀನಿನ ಗೊಜ್ಜು ಮಾರುತ್ತಿದ್ದ ನುಮೇರಿಯುಸ್ ಬಬ್ಬಿಯುಸ್ ಮಹಾಶಯ ಎರಡು ಸಲ ಹುಟ್ಟಿದವನು. ಮೊದಲ ಸಲ ತಾಯಿಯ ಹೊಟ್ಟೆಯಿಂದ, ಎರಡನೆಯ ಸಲ ಸ್ವಂತ ಮನೆಯ ಛಾವಣಿಯಿಂದ. ಎರಡನೆಯದೇ ಕಷ್ಟದ ಹೆರಿಗೆ.

ಗೊಜ್ಜಿನ ಜಾಡಿ ತರಲು ಸಿಸಿಲಿಗೆ ಹೋದವನ ಹಡಗು ಮುಳುಗಿತೆಂದು ಸುದ್ದಿ ಬಂತು. ಬಸುರಿ ಹೆಂಡತಿ ಹೆರೆನ್ನಿಯಾ ಅತ್ತಳು, ಬೀದಿಯೂ ಅತ್ತಿತು, ಶವವಿಲ್ಲದೆಯೇ ಉತ್ತರಕ್ರಿಯೆ ಮುಗಿಯಿತು. ಆಮೇಲೆ ಗಂಡುಮಗು ಹುಟ್ಟಿತು. ಒಂಬತ್ತನೆಯ ದಿನ ಕೊರಳಿಗೆ ತಾಯಿತ ಕಟ್ಟಿ, ಅಪ್ಪ ಸತ್ತ ಮೇಲೆ ಹುಟ್ಟಿದವರಿಗೆ ಇಡುವ ಹೆಸರನ್ನೇ ಇಟ್ಟರು: ಪೋಸ್ತುಮುಸ್. ನೆಂಟರು ಉಂಡು ಕೈ ತೊಳೆಯುವ ಮೊದಲೇ ಬಬ್ಬಿಯುಸ್ ಹೊಸ್ತಿಲ ಮುಂದೆ ಬಂದು ನಿಂತ. ಹಡಗು ಮುಳುಗಿದ್ದು ನಿಜ. ಇವನು ಖಾಲಿ ಜಾಡಿಯೊಂದನ್ನು ತಬ್ಬಿಕೊಂಡು ತೇಲಿದ್ದ.

ಹೆಂಡತಿ ಓಡಿ ಬರುವಷ್ಟರಲ್ಲಿ ಅವನ ಅತ್ತೆ ಪೊರಕೆ ಅಡ್ಡ ಹಿಡಿದಳು.

"ಅಳಿಯಂದ್ರೇ, ತಿಥಿ ಮಾಡಿಸ್ಕೊಂಡೋರು ಬಾಗಿಲಲ್ಲಿ ಬರೋ ಹಾಗಿಲ್ಲ. ಮೇಲಿಂದ ಇಳೀರಿ."

ಅದು ಹಿರಿಯರ ಕಟ್ಟಳೆ, ಯಾರೂ ತಕರಾರು ಮಾಡಲಿಲ್ಲ. ಬೀದಿಯ ವೀರರು ಬಬ್ಬಿಯುಸನನ್ನು ಛಾವಣಿಗೆ ಹತ್ತಿಸಿ, ಜಾಡಿ ಎತ್ತುವ ಹಗ್ಗವನ್ನು ಸೊಂಟಕ್ಕೆ ಬಿಗಿದು, ನಡುಮನೆಯ ಬೆಳಕಿಂಡಿಯಲ್ಲಿ ಇಳಿಬಿಟ್ಟರು. ಸಮುದ್ರವನ್ನು ಗೆದ್ದ ಹೊಟ್ಟೆ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಮೇಲಿನವರು ತುಳಿದರು, ಕೆಳಗಿನವರು ಕಾಲು ಜಗ್ಗಿದರು. ಕೊನೆಗೆ ಅವನು ಕಿಂಡಿಯ ಕೆಳಗಿದ್ದ ಮಳೆನೀರಿನ ಕೊಳಕ್ಕೆ ದೊಪ್ಪನೆ ಅವತರಿಸಿದ.

ತೊಟ್ಟಿಕ್ಕುತ್ತಲೇ ಮಗುವಿನ ಹೆಸರು ಕೇಳಿದ. ಕೇಳಿ ಕೆಂಪಾದ.

"ನಾನು ಉಸಿರಾಡ್ತಿದೀನಿ ಕಣೇ. ಮೊದಲು ಹೆಸರು ಬದಲಾಯಿಸು."

ದೇವರು ಕೇಳಿಸಿಕೊಂಡಾಗಿದೆ, ನೆಂಟರು ಉಂಡಾಗಿದೆ, ಇನ್ನು ಆಗದು ಎಂದಳು ಹೆರೆನ್ನಿಯಾ. ಅತ್ತೆ ರಾಜಿಗೆ ಬಂದಳು. ಅವಳ ಅಜ್ಜಿಯ ಕಾಲದಲ್ಲಿ ಆ ಹೆಸರನ್ನು ಮನೆಯ ಕಡೇ ಮಗುವಿಗೆ ಇಡುತ್ತಿದ್ದರಂತೆ, ಅಷ್ಟೆ. ಅದರೊಳಗೆ ಅಪ್ಪನ ಸಾವನ್ನು ತುರುಕಿದ್ದು ಆಮೇಲಿನ ಜನ. ಹಾಗಾಗಿ ಇದನ್ನೇ ಕಡೇ ಮಗು ಮಾಡಿಕೊಂಡರೆ ಹೆಸರೂ ಉಳಿಯುತ್ತದೆ, ಅಳಿಯನ ಪ್ರಾಣವೂ ಉಳಿಯುತ್ತದೆ. ಬಬ್ಬಿಯುಸ್ ಒಪ್ಪಿದ. ಮರುವರ್ಷ ಅವಳಿ ಹೆಣ್ಣುಮಕ್ಕಳು ಹುಟ್ಟಿದರು.

ಹೀಗೆ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಸುಳ್ಳಾದ ಹೆಸರನ್ನು ಹೊತ್ತು ಹುಡುಗ ಬೆಳೆದ. ಹೆಸರು ಕೇಳಿದವರೆಲ್ಲ ಪಾಪ ಎಂದು ತಲೆ ಸವರುತ್ತಿದ್ದರು. ಒಳಗಿನಿಂದ ಅಪ್ಪ ಗೊಜ್ಜಿನ ಸೌಟು ಹಿಡಿದು ಓಡಿ ಬಂದು, ತಾನು ಬದುಕಿರುವುದನ್ನು ಕೂಗಿ ಸಾಬೀತು ಮಾಡುತ್ತಿದ್ದ. ನಾವಿಕರು ಸತ್ತವನನ್ನು ನೋಡಲೆಂದೇ ಬಂದು, ಅವನ ಕೆನ್ನೆ ಚಿವುಟಿ, ಒಂದು ಜಾಡಿ ಕೊಂಡು ಹೋಗುತ್ತಿದ್ದರು. ಮಗ ತಾಯಿತ ಕಳಚಿ ದೊಡ್ಡವರ ಬಿಳಿ ನಿಲುವಂಗಿ ಉಡುವ ದಿನ ಹೆಸರು ಬದಲಾಯಿಸಿಯೇ ತೀರುವೆನೆಂದು ಬಬ್ಬಿಯುಸ್ ಶಪಥ ಮಾಡಿದ್ದ.

ಆ ದಿನವೂ ಬಂತು. ಊರಿನ ಪಟ್ಟಿಯಲ್ಲಿ ಹೆಸರು ಬರೆಸಲು ಚೌಕಕ್ಕೆ ಹೋಗುವ ದಾರಿಯಲ್ಲಿ ಅಪ್ಪ ಮಾತು ತೆಗೆದ.

"ಬದಲಾಯಿಸೋಣಪ್ಪ," ಎಂದ ಮಗ. "ಆದ್ರೆ ಆಮೇಲೆ ನೀನು ಬದುಕಿದೀಯಾ ಅಂತ ದಿನಾ ಕೇಳೋರು ಯಾರು?"

ಚೌಕದಲ್ಲಿ ಗುಮಾಸ್ತ ಹೆಸರು ಕೇಳಿದಾಗ, ಮಗ ಬಾಯಿ ತೆರೆಯುವ ಮೊದಲೇ ಬಬ್ಬಿಯುಸ್ ತಾನೇ ಹೇಳಿದ: "ಪೋಸ್ತುಮುಸ್."

ಗುಮಾಸ್ತನ ಮುಖ ಸಣ್ಣದಾಯಿತು. "ಅಯ್ಯೋ ಪಾಪ. ತಂದೆ ಹೋಗಿ ಎಷ್ಟು ವರ್ಷ ಆಯ್ತು?"

"ಹದಿನಾರು ಆಯ್ತು ಸ್ವಾಮಿ," ಎಂದ ಬಬ್ಬಿಯುಸ್, ಎದೆ ಉಬ್ಬಿಸಿ. "ಈಗ ಆರಾಮಾಗಿದೀನಿ."